ಕಮಾನಿನ ಮೇಲಿನ ನೀಲಿ ಹೂವು

ಹೊಸದುರ್ಗ
೧೪–೧೧–೧೯೭೬, ಭಾನುವಾರ

ಪ್ರೀತಿಯ ಜೈನಬಿಗೆ,

ನಿನ್ನ ಕಾಳಕ್ಕನ ನಮಸ್ಕಾರ. ಮಂಡಿನೋವು, ಸೊಂಟನೋವು ಬಿಟ್ಟರೆ ಇಲ್ಲಿ ಎಲ್ಲ ಕ್ಷೇಮ. ರಂಜಾನ್ ಹಬ್ಬ ಮುಗಿದ ವಾರವೇ ನಿನ್ನ ಕಾಗದ ಬಂತು. ಉತ್ತರ ಬರೆಯಲು ಒಂದೂವರೆ ತಿಂಗಳು ಮಾಡಿದೆ. ಬೈಯಬೇಕೆನಿಸಿದರೆ ಬೈದುಬಿಡು, ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಓದಿ ಹೇಳುತ್ತಿರುವವಳು ಮುನ್ನಿಯೇ ತಾನೆ? ಮುನ್ನೀ, ನಿಮ್ಮಮ್ಮನ ಕಣ್ಣಿಗೆ ಪೊರೆ ಬಂದಿದೆ ಎಂದು ಹಾರಿಸಿ ಹಾರಿಸಿ ಓದಬೇಡ. ಒಂದಕ್ಷರವನ್ನೂ ನುಂಗದೆ ಓದು.

ತಡವಾಗಿದ್ದಕ್ಕೆ ಕಾರಣ ಕೆಲಸ. ಈ ವರ್ಷ ಮಕ್ಕಳಾಗದಂತೆ ಮಾಡುವ ಆಪರೇಷನ್ ಕ್ಯಾಂಪುಗಳೇ ಕ್ಯಾಂಪುಗಳು. ಇಷ್ಟು ಜನರನ್ನು ಕರೆತರಲೇಬೇಕೆಂದು ಮೇಲಿನವರ ಅಪ್ಪಣೆ. ಮತ್ತೋಡು ಹಳ್ಳಿಗೆ ಹೋದರೆ ನನ್ನ ಬಿಳಿ ಸೀರೆ ಕಂಡದ್ದೇ ತಡ, ಗಂಡಸರು ಹೊಲದ ಕಡೆ ಓಡುತ್ತಾರೆ. ಕುರಿ ಕಾಯುವ ಜುಂಜಪ್ಪ ನಾನೇ ಹೆರಿಗೆ ಮಾಡಿಸಿದ ಕೂಸು. ಮೊನ್ನೆ ಬೇಲಿಯ ಆಚೆಯಿಂದಲೇ ಕೂಗಿದ: "ನರ್ಸಮ್ಮಾ, ಹತ್ರ ಬರಬ್ಯಾಡ್ರಿ, ನಂಗಿನ್ನೂ ಮದುವೇನೇ ಆಗಿಲ್ಲ!" ಅಲ್ಲಿ ನಗು ಬಂತು. ಬಸ್ಸಿನಲ್ಲಿ ಕುಳಿತ ಮೇಲೆ ಅಳು ಬಂತು. ಮೂವತ್ತು ವರ್ಷ ನನ್ನನ್ನು ಕಂಡು ಬಾಗಿಲು ತೆರೆಯುತ್ತಿದ್ದ ಜನ ಈಗ ಅಗಳಿ ಹಾಕಿಕೊಳ್ಳುತ್ತಾರೆ. ಸಾಕಾಗಿದೆ ಜೈನಬಿ, ನಿಜವಾಗಿ ಸಾಕಾಗಿದೆ.

ನೀನು ನನಗೆ ಎರಡು ಕೆಲಸ ಹೇಳಿದ್ದೆ. ಹಿರಿಯೂರಿನ ಹಳೇ ಮಸೀದಿಗೆ ಹೋಗಿ, ನಿಮ್ಮ ಯಜಮಾನರು ಬದುಕಿದ್ದಾಗ ಕಮಾನಿಗೆ ಕೂರಿಸಿದ ಪಿಂಗಾಣಿ ಚೂರುಗಳ ಚಿತ್ತಾರ ಹೇಗಿದೆ ಎಂದು ನೋಡಿ ಬರೆಯಬೇಕು, ಅದರಲ್ಲೂ ನಾನು ಕೊಟ್ಟ ಟೀ ಕಪ್ಪಿನ ಚೂರು ಇದೆಯೋ ಇಲ್ಲವೋ ನೋಡಬೇಕು. ಸಂಕ್ರಾಂತಿಯ ಹೊತ್ತಿಗೆ ಮುನ್ನಿಯ ಚೊಚ್ಚಲ ಹೆರಿಗೆಗೆ ಭದ್ರಾವತಿಗೆ ನಾನೇ ಬರಬೇಕು. "ನನ್ನ ಮಗಳನ್ನು ಎತ್ತಿಕೊಂಡ ಕೈಯೇ ಅವಳ ಮಗುವನ್ನೂ ಎತ್ತಿಕೊಳ್ಳಲಿ" ಎಂದು ಬರೆಸಿದ್ದೆ. ಅದನ್ನು ನಾಲ್ಕು ಸಲ ಓದಿಕೊಂಡೆ.

ಮೊದಲನೆಯ ಕೆಲಸ ಮುಗಿಸಿದೆ. ಕಳೆದ ಗುರುವಾರ ರಜೆ ಹಾಕಿ ಬೆಳಗಿನ ಬಸ್ಸು ಹತ್ತಿದೆ. ಕೂರಲು ಜಾಗ ಸಿಗಲಿಲ್ಲ. ಕಡಲೇಕಾಯಿ ಮೂಟೆಗೆ ಒರಗಿಕೊಂಡು ಹೋದೆ. ಹೆಂಗಸನ್ನು, ಅದರಲ್ಲೂ ಹೊರಗಿನವಳನ್ನು, ಮಸೀದಿಯೊಳಗೆ ಬಿಡುತ್ತಾರೋ ಇಲ್ಲವೋ ಎಂಬ ಅಂಜಿಕೆ ದಾರಿಯುದ್ದಕ್ಕೂ ಇತ್ತು. ಬಾಂಗ್ ಕೂಗುವ ದಾದಾಪೀರ್ ಸಾಬರು ಬಾಗಿಲಲ್ಲೇ ಕುಳಿತಿದ್ದರು. ಹಲ್ಲೆಲ್ಲ ಹೋಗಿವೆ, ದನಿ ಮಾತ್ರ ಗಟ್ಟಿ. ಬುಡೇನ್ ಮೇಸ್ತ್ರಿ ಮನೆಯವರು ಕಳಿಸಿದ್ದಾರೆ ಎಂದೆ. ಎದ್ದೇಬಿಟ್ಟರು. "ಬರ್ರಿ ತಾಯಿ, ಬರ್ರಿ. ಅಂಗಳದಾಗೆ ನಿಂತ್ರೆ ಎಲ್ಲಾ ಕಾಣ್ತೈತೆ. ಮೊದ್ಲು ಕಾಲು ತೊಳ್ಕಂಡು ಕುಂತ್ಕಳ್ರಿ, ಮಕ ಬಾಡೈತೆ" ಎಂದರು. ಅಷ್ಟು ಮಾತಿಗೇ ನನ್ನ ಅರ್ಧ ದಣಿವು ಇಳಿಯಿತು.

ಈಗ ಕಣ್ಣು ಮುಚ್ಚಿಕೊಂಡು ಕೇಳು. ಮೂರು ಕಮಾನುಗಳೂ ಗಟ್ಟಿಯಾಗಿವೆ. ಎಡಗಡೆಯದು ನಿಮ್ಮವರ ಅಜ್ಜ ಮಾಡಿದ್ದು, ಹೂಕುಂಡ ಮತ್ತು ಬಳ್ಳಿ. ಅಲ್ಲಲ್ಲಿ ಚೂರು ಉದುರಿ ಗಾರೆ ಕಾಣುತ್ತಿದೆ. ಬಲಗಡೆಯದರಲ್ಲಿ ಚಂದ್ರ. ನಡುವಿನದೇ ನಿಮ್ಮವರದು. ಬಿಳಿ ಚೂರುಗಳ ನಡುವೆ ಎಂಟು ಮೂಲೆಯ ನಕ್ಷತ್ರ, ಅದರ ಸುತ್ತ ಎಲೆಗಳು. ಬಿಸಿಲು ಬಿದ್ದಾಗ ನೋಡಲಾಗಲಿಲ್ಲ, ಕಣ್ಣು ಕುಕ್ಕುತ್ತದೆ. ಎಲೆಗಳ ಹಸಿರು ನಿನ್ನ ಮದುವೆಯ ತಟ್ಟೆಯದು, ಅಂಚಿನ ಗೆರೆಯಿಂದ ಗುರುತು ಹಿಡಿದೆ. ಕಂದು ಬಣ್ಣ ಇಲ್ಲಿ ನೀವೂ ಇದ್ದ ನಮ್ಮ ಓಣಿಯ ಏಕನಾಥಮ್ಮನ ಉಪ್ಪಿನಕಾಯಿ ಜಾಡಿ. ಅದನ್ನು ಬೆಕ್ಕು ಬೀಳಿಸಿದ ದಿನ ಅವಳು ಇಡೀ ಓಣಿಗೆ ಕೇಳುವಂತೆ ಶಾಪ ಹಾಕಿದ್ದಳಲ್ಲ? ಆ ಜಾಡಿ ಈಗ ದಿನಕ್ಕೆ ಐದು ಸಲ ಬಾಂಗ್ ಕೇಳುತ್ತಿದೆ. ಅವಳಿಗೆ ಹೇಳಿದರೆ ಇನ್ನೊಮ್ಮೆ ಶಾಪ ಹಾಕುತ್ತಾಳೆ.

ನಕ್ಷತ್ರದ ನಟ್ಟನಡುವೆ ನನ್ನ ಕಪ್ಪಿನ ನೀಲಿ ಹೂವಿದೆ. ನಿಮ್ಮವರು ಅದನ್ನು ಸಣ್ಣಗೆ ಕತ್ತರಿಸಿಲ್ಲ. ನಾಲ್ಕು ಚೂರು ಸೇರಿಸಿ ಇಡೀ ಹೂವನ್ನೇ ಮತ್ತೆ ಕೂಡಿಸಿದ್ದಾರೆ.

ದಾದಾಪೀರ್ ಸಾಬರು ಪಕ್ಕದಲ್ಲಿ ನಿಂತು ಹೇಳಿದರು: "ಮೇಸ್ತ್ರಿದು ಒಂದು ಹಟ ಇತ್ತು ತಾಯಿ. ಅಂಗಡಿಯಿಂದ ಹೊಸದು ತಂದು ಒಡೀತಿರಲಿಲ್ಲ. ಮನಿ ಮನಿಗೆ ಹೋಗಿ, ತಾನಾಗೇ ಬಿದ್ದು ಒಡೆದದ್ದು ಇದ್ರೆ ಕೊಡ್ರಿ ಅಂತ ಕೇಳೋರು. ಬೇಕಂತ ಒಡೆದಿದ್ದು ಗ್ವಾಡೆಗೆ ಹಚ್ಚಾಂಗಿಲ್ಲ ಅಂತ ಅವರಜ್ಜನ ಕಾಲದಿಂದ ಬಂದ ಪದ್ಧತಿ." ನನಗೂ ಗೊತ್ತಿದ್ದ ಮಾತೇ. ನಮ್ಮ ಬಾಗಿಲಿಗೆ ಬಂದಾಗಲೂ ನಿಮ್ಮವರು ಹಾಗೆಯೇ ಕೇಳಿದ್ದರು. ಆಮೇಲೆ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದು, ಮಧ್ಯಾಹ್ನದ ಬಸ್ಸಿಗೆ ಬಂದುಬಿಟ್ಟೆ.

ಮುನ್ನೀ, ಕಾಲು ಊದಿಕೊಂಡರೆ ಉಪ್ಪು ಕಡಿಮೆ ಮಾಡು, ಆಸ್ಪತ್ರೆಗೆ ತೋರಿಸು. ತಲೆನೋವು ಬಂದು ಕಣ್ಣು ಮಂಜಾದರೆ ಒಂದು ದಿನವೂ ತಡಮಾಡಬೇಡ. ಭಾರ ಎತ್ತಬೇಡ. ನಿನಗೂ ಹುಟ್ಟುವ ಮಗುವಿಗೂ ನನ್ನ ತುಂಬು ಆಶೀರ್ವಾದ. ಜೈನಬಿ, ನಿನ್ನ ಕಣ್ಣಿನ ಪೊರೆ ಬೇಗ ತೆಗೆಸಿಕೋ. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ,
ಕಾಳಕ್ಕ

ಮ.ವಿ.: ಮುನ್ನೀ, ಇಲ್ಲಿಗೆ ನಿಲ್ಲಿಸಬೇಡ. ನಿನಗೆ ಕಷ್ಟವಾದರೂ ಇದನ್ನೂ ನಿಮ್ಮಮ್ಮನಿಗೆ ಓದು.

ಜೈನಬಿ, ಆ ಕಪ್ಪು ಕೈಜಾರಿ ಬೀಳಲಿಲ್ಲ. ನಾನೇ ಒಡೆದೆ. ನಿನಗೆಂದು ನಮ್ಮ ಕಿಟಕಿಯ ಗೂಡಿನಲ್ಲಿ ಬೇರೆ ಲೋಟ ಇರುತ್ತಿತ್ತಲ್ಲ, ನೀನೇ ತೆಗೆದುಕೊಂಡು, ಕುಡಿದು, ತೊಳೆದು, ಅಲ್ಲಿಯೇ ಇಡುತ್ತಿದ್ದೆ. ನಮ್ಮತ್ತೆಯ ಕಟ್ಟಳೆ ಎಂದು ನಾನು ನಿನಗೆ ಹೇಳುತ್ತಿದ್ದೆ. ಮುನ್ನಿ ಮೂರು ತಿಂಗಳ ಕೂಸಾಗಿದ್ದಾಗ ಒಂದು ದಿನ ಅತ್ತೆ ಬಾಗೂರಿಗೆ ಹೋಗಿದ್ದರು. ನೀನು ಕೂಸನ್ನು ಎತ್ತಿಕೊಂಡು ಬಂದೆ. ನಾನು ಖುಷಿಯಲ್ಲಿ ನನ್ನ ಹೊಸ ಪಿಂಗಾಣಿ ಕಪ್ಪಿನಲ್ಲಿಯೇ ಟೀ ಕೊಟ್ಟೆ. ನೀನು ಆ ನೀಲಿ ಹೂವನ್ನು ಬೆರಳಿಂದ ಸವರಿ "ಎಷ್ಟು ಚೆಂದ ಐತಲ್ಲ ಕಾಳಕ್ಕ" ಎಂದೆ. ನೀನು ಹೋದ ಮೇಲೆ ಆ ಕಪ್ಪನ್ನು ಉಳಿದ ಐದರ ಜೊತೆ ಇಡಲು ನನ್ನ ಕೈ ಬರಲಿಲ್ಲ. ಬೂದಿ ಹಾಕಿ ತಿಕ್ಕಿದೆ. ಹುಣಸೆಹಣ್ಣು ಹಾಕಿ ತಿಕ್ಕಿದೆ. ಕೊನೆಗೆ ಹಿತ್ತಲಿಗೆ ಒಯ್ದು ಗುಂಡುಕಲ್ಲಿನಿಂದ ಕುಟ್ಟಿದೆ. ಅತ್ತೆ ಊರಿನಲ್ಲಿರಲಿಲ್ಲ. ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ನಾನೇ ಮಾಡಿದ್ದು. ದೊಡ್ಡ ಮನೆಗಳಲ್ಲಿ ಹೆರಿಗೆ ಮಾಡಿಸಿ ಹೊರಬಂದಾಗ ನನ್ನ ಬೊಗಸೆಗೂ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಅದು ಎಷ್ಟು ಉರಿಯುತ್ತದೆಂದು ಗೊತ್ತಿದ್ದೂ ಮಾಡಿದೆ.

ಮಾರನೆಯ ದಿನ ನಿಮ್ಮವರು ಚೂರು ಕೇಳಲು ಬಂದಾಗ ಕೈಜಾರಿತು ಎಂದು ಹೇಳಿ ಕೊಟ್ಟೆ. ದಾದಾಪೀರ್ ಸಾಬರು ಹೇಳಿದ್ದರಲ್ಲಿ ಒಂದು ಮಾತನ್ನು ಮೇಲೆ ಬರೆಯದೆ ಬಿಟ್ಟಿದ್ದೇನೆ. "ಈ ನೀಲಿ ಹೂವು ಮಾತ್ರ ಬಿದ್ದು ಒಡೆದಿದ್ದಲ್ಲ ತಾಯಿ, ಕಲ್ಲಿನ ಏಟು ಅಂತ ಮೇಸ್ತ್ರಿ ಚೂರು ನೋಡಿದ್ ಕೂಡ್ಲೆ ಅಂದ್ರು. ಮತ್ಯಾಕೆ ಹಚ್ಚೀರಿ ಅಂದೆ. 'ನನ್ನ ಮಗಳ್ನ ಎತ್ಕಂಡ ಕೈ ಅದು, ವಾಪಸ್ ಹೆಂಗೆ ಕೊಡ್ಲಿ' ಅಂದ್ರು."

ಅವರು ನಿನಗೆ ಹೇಳಿದ್ದರೇ? ಎಲ್ಲ ಗೊತ್ತಿದ್ದೇ ನನಗೆ ನೋಡಿ ಬಾ ಎಂದೆಯಾ? ಇಲ್ಲ, ಏನೂ ಗೊತ್ತಿಲ್ಲದೆ ಇಪ್ಪತ್ತಮೂರು ವರ್ಷ ಆ ಕಪ್ಪನ್ನು ನಾನು ಪ್ರೀತಿಯಿಂದ ಕೊಟ್ಟೆನೆಂದು ನೆನೆಯುತ್ತಾ ಬಂದೆಯಾ? ಯಾವುದು ನಿಜವಾದರೂ ನನಗೆ ನಿದ್ದೆಯಿಲ್ಲ.

ಇಷ್ಟು ಕೇಳಿದ ಮೇಲೂ ಮುನ್ನಿಯ ಹೆರಿಗೆಗೆ ಈ ಕೈಯೇ ಬೇಕೆನಿಸಿದರೆ "ಬಾ" ಎಂದು ಒಂದು ಕಾರ್ಡು ಹಾಕಿಸು. ಬರುತ್ತೇನೆ. ಟೀ ಯಾವುದರಲ್ಲಿ ಕೊಟ್ಟರೂ ಕುಡಿಯುತ್ತೇನೆ. ಕುಡಿದು, ತೊಳೆದು, ನೀನು ತೋರಿಸಿದ ಗೂಡಿನಲ್ಲಿ ಇಡುತ್ತೇನೆ.