ಗೋಡೆಯ ಆಚೆಗೂ ಅದೇ ಭಾಷಣ

ಉದ್ಯೋಗ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಮಗ ಶನಿವಾರ ಕಬ್ಬಿಣದ ರಾಡು ಹಿಡಿದು ಮೆರವಣಿಗೆಗೆ ಹೊರಟಿದ್ದಾನೆ. ಪಕ್ಕದ ಮನೆಯ ಹುಡುಗನೂ ಹೊರಟಿದ್ದಾನೆ, ಎದುರಿನ ಮೆರವಣಿಗೆಗೆ. ಇಬ್ಬರನ್ನೂ ತಯಾರು ಮಾಡಿದ ಕೀರ್ತಿಯಲ್ಲಿ ತಮ್ಮ ಕಚೇರಿಗೂ ಪಾಲಿದೆ. ಸಂಕೋಚಪಡದೆ ಸ್ವೀಕರಿಸಿ.

ಇಬ್ಬರೂ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಜೊತೆಯಾಗಿ ಲಿಫ್ಟ್ ರಿಪೇರಿ ಕಲಿತವರು. ಒಬ್ಬ ಮೇಲೆ ಯಂತ್ರದ ಕೋಣೆಯಲ್ಲಿ, ಇನ್ನೊಬ್ಬ ಕೆಳಗೆ ಲಿಫ್ಟ್ ಇಳಿಯುವ ಗುಂಡಿಯಲ್ಲಿ. ಕೆಳಗಿನವನು "ಬಿಡು" ಎನ್ನುವವರೆಗೆ ಮೇಲಿನವನು ಸ್ವಿಚ್ ಮುಟ್ಟುವಂತಿಲ್ಲ. ಹಾಗೆ ಒಬ್ಬರ ಜೀವ ಇನ್ನೊಬ್ಬರ ಕೈಗೆ ಕೊಟ್ಟು ಕಲಿತ ಮಕ್ಕಳು ಕೆಲಸ ಕೇಳಿಕೊಂಡು ಬಂದಾಗ ತಾವು ಹೇಳಿದ್ದೇನು? "ಅನುಭವ ಇಲ್ವಲ್ಲಪ್ಪಾ, ಅನುಭವ ತಗೊಂಡು ಬನ್ನಿ." ಅಂಗಡಿಯಲ್ಲಿ ಸಿಗುತ್ತದೆಯೇ ಸ್ವಾಮಿ, ಅನುಭವ? ಕೆಲಸವನ್ನೇ ಕೊಡದಿದ್ದರೆ ಅದು ಬರುವ ದಾರಿ ಯಾವುದು? ಅಲೆದು ಅಲೆದು ಚಪ್ಪಲಿ ಸವೆದ ಮೇಲೆ ಅನುಭವ ಕೇಳದವರು ಇಬ್ಬರಿಗೂ ಸಿಕ್ಕಿದರು, ಅವರವರ ಜನಾಂಗದವರೇ. "ಬಾ ತಮ್ಮಾ, ಟೀ ಕುಡಿ" ಎಂದರು, ಹೆಗಲ ಮೇಲೆ ಕೈ ಹಾಕಿದರು, ನಿನ್ನ ಕೆಲಸ ಕಿತ್ತುಕೊಂಡವರು ಇವರೇ ನೋಡು ಎಂದು ಬೆರಳು ಮಾಡಿ ತೋರಿಸಿದರು. ತಮಗಿಂತ ಚುರುಕಾದ ಕಚೇರಿ ಅದು.

ಮೊನ್ನೆ ಮಧ್ಯಾಹ್ನ ಅಡುಗೆಮನೆಯ ಗೋಡೆಯಾಚೆಯಿಂದ ಭಾಷಣ ಕೇಳಿಸಿತು. ನನ್ನ ಮಗ ದಿನವೂ ಹಾಕಿಕೊಂಡು ಕೂರುವ ಅದೇ ಏರುದನಿ, ಅದೇ "ಇನ್ನೂ ಎಷ್ಟು ದಿನ ಸಹಿಸ್ಕೋತೀರಿ?" ಮಗ ಅಲ್ಲಿ ಹೋಗಿ ಕೂತಿದ್ದಾನೆ, ಮುರಿದ ಗೆಳೆತನ ಮತ್ತೆ ಕೂಡಿತು ಎಂದುಕೊಂಡು ಖುಷಿಯಿಂದ ಓಡಿದೆ. ಮೊಬೈಲ್ ಮುಂದೆ ಕೂತಿದ್ದವನು ಪಕ್ಕದ ಮನೆಯ ಹುಡುಗ ಒಬ್ಬನೇ. ಭಾಷಣದಲ್ಲಿ ಶತ್ರುಗಳ ಹೆಸರು ಮಾತ್ರ ಬೇರೆ, ಅದು ನಮ್ಮದು. ಅವನು ಗಡಬಡಿಸಿ ಮೊಬೈಲ್ ಆರಿಸಿದ.

"ಅವರು ಹೇಳೋದು ನಿಮ್ಮನ್ನಲ್ಲ ಆಂಟಿ."

"ಮತ್ತೆ ಯಾರನ್ನಪ್ಪಾ?"

ಅವನ ತಾಯಿ ಒಲೆಯ ಮುಂದೆ ನಿಂತು ಅಳುತ್ತಿದ್ದಳು. ನಾನೂ ಅತ್ತುಬಿಟ್ಟೆ.

ಮನೆಗೆ ಬಂದು ಮಗನಿಗೆ ಬುದ್ಧಿ ಹೇಳಹೋದೆ. "ಸುಮ್ನಿರಮ್ಮ, ಅಲ್ಲಾದ್ರೂ ನನ್ನನ್ನ ಮನುಷ್ಯ ಅಂತ ಲೆಕ್ಕಕ್ಕಿಟ್ಟಿದ್ದಾರೆ" ಎಂದ. ಇದಕ್ಕೆ ಉತ್ತರ ತಮ್ಮಲ್ಲಿದೆಯೇ? ಪೊಲೀಸರಿಗೆ ಹೇಳು ಎನ್ನಬೇಡಿ. ಹೇಳಿದರೆ ಮಗ ಜೈಲಿಗೆ, ಹೇಳದಿದ್ದರೆ ಸ್ಮಶಾನಕ್ಕೆ. ನಮ್ಮದು ಯಾವ ಜನಾಂಗ ಎಂದು ಬೇಕೆಂದೇ ಬರೆದಿಲ್ಲ. ಇದು ಬಹಿರಂಗ ಪತ್ರ, ಬರೆದರೆ ಅರ್ಧ ಊರು ಅಲ್ಲಿಗೇ ಓದುವುದನ್ನು ನಿಲ್ಲಿಸುತ್ತದೆ.

ಶುಕ್ರವಾರದೊಳಗೆ ಇಬ್ಬರನ್ನೂ ಕರೆಸಿ, ಒಂದೇ ಕಡೆ ಕೆಲಸಕ್ಕೆ ಹಚ್ಚಿ. ತಮ್ಮ ಕಚೇರಿಯ ಲಿಫ್ಟೇ ಕೆಟ್ಟು ನಿಂತಿದೆಯಲ್ಲ, ಅದರಿಂದಲೇ ಶುರುವಾಗಲಿ. ಆಗುವುದಿಲ್ಲವೆಂದರೆ ಶನಿವಾರ ಮಾರುಕಟ್ಟೆ ಬೀದಿಗೆ ಬನ್ನಿ. ಎರಡು ಮೆರವಣಿಗೆಗಳ ನಡುವೆ ನಾವಿಬ್ಬರು ತಾಯಂದಿರು ಕೈ ಹಿಡಿದುಕೊಂಡು ನಿಂತಿರುತ್ತೇವೆ. ಮೊದಲ ಏಟು ಯಾರ ಮಗನದು ಎಂದು ನೋಡುವ ಧೈರ್ಯ ನಮಗಿಲ್ಲ. ಅದನ್ನು ತಾವೇ ನೋಡಿ.

ಇಂತಿ,
ಶನಿವಾರದವರೆಗಂತೂ ಮಗನಿರುವ
ಒಬ್ಬ ತಾಯಿ