ಹಡಗಿನ ವೇಳೆ ತೋರಿಸುವ ಪುಟ

ಮಾರ್ಚ್ 3
ಮೊದಲ ದೋಣಿ ಇವತ್ತೂ ತಡ. ನಮ್ಮ ದೋಣಿ ಕಚೇರಿಯ ವೆಬ್‌ಸೈಟಿನಲ್ಲಿ ವೇಳಾಪಟ್ಟಿಯ ಪುಟವನ್ನು ಕೈಯಾರೆ ತಿದ್ದಿದೆ. ದಿನದ ಪಾಡು ಇದು. ಮ್ಯಾನೇಜರಿಗೂ ಸಾಕಾಗಿದೆ. "ಯಾರು ಯಾವಾಗ ತೆರೆದ್ರೂ ಆ ಹೊತ್ತಿನ ಪುಟ ಸರ್ವರಲ್ಲೇ ತಯಾರಾಗ್ಬೇಕು. ಪಿಎಚ್‌ಪಿನೋ, ಪೈಥಾನೋ, ನೋಡ್ ಜೆಎಸ್ಸೋ, ಹೋಲಿಸಿ ನೋಡಿ ವರದಿ ಕೊಡಿ. ನನ್ನ ತಲೆ ತಿನ್ಬೇಡಿ."
ಒಂದೇ ಪುಟವನ್ನು ಈ ಮೂರು ಬಗೆಯ ಕೋಡ್‌ನಲ್ಲೂ ಬರೆಯುವುದೇ ಸರಿ.

ಮಾರ್ಚ್ 4, ಮಧ್ಯಾಹ್ನ
ಪರೀಕ್ಷೆಗೆ ಯಾವ ಪುಟ? ಗಡಿಯಾರ ನೋಡಿ ಉತ್ತರ ಬದಲಿಸುವಂಥದ್ದು ಬೇಕು. ದೋಣಿಯ ವೇಳೆ ಹಾಕಬಹುದಿತ್ತು. ಹಾಕಲಿಲ್ಲ. ಹೆಂಡತಿಯ ಹಡಗಿನ ವೇಳೆ ಹಾಕಿದೆ. ಭೂಮಿಯ ಆ ಮಗ್ಗುಲಲ್ಲಿರುವ ಸರಕು ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಅವಳು. ಅಲ್ಲಿ ಈಗ ಎಷ್ಟು ಗಂಟೆ, ಪಾಳಿಯಲ್ಲಿದ್ದಾಳೋ, ಊಟಕ್ಕೆ ಕೂತಿದ್ದಾಳೋ, ಮಲಗಿದ್ದಾಳೋ — ಇಷ್ಟೇ. ಹೆಸರಿಲ್ಲ.
ಪಿಎಚ್‌ಪಿ: ಅರ್ಧ ಗಂಟೆಯ ಕೆಲಸ. ಪುಟದ ನಡುವೆಯೇ ಬರೆದುಕೊಂಡು ಹೋಗಬಹುದು. ನೋಡಲು ಅಂದವಿಲ್ಲ.
"ಮಲಗಿದ್ದಾಳೆ" ಎಂದಿತು ಪುಟ. ಸುಮ್ಮಸುಮ್ಮನೆ ಮತ್ತೆ ಮತ್ತೆ ರಿಫ್ರೆಶ್ ಮಾಡಿದೆ.

ಮಾರ್ಚ್ 6
ಪೈಥಾನ್: ಓದಲು ಹಿತ. ಅಣಿ ಮಾಡಿಕೊಳ್ಳುವುದಕ್ಕೇ ಅರ್ಧ ದಿನ. ನೋಡ್: ಚುರುಕು. ಬ್ರೌಸರಿನ ಭಾಷೆಯೇ ಸರ್ವರಿಗೂ ಆಗುತ್ತದೆ. ಆದರೆ ನಮ್ಮ ಸರ್ವರಿನಲ್ಲಿ ಎರಡರದ್ದೂ ಒಂದೇ ತಕರಾರು — ಒಂದು ಸಾಲು ತಿದ್ದಿದರೂ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಪಿಎಚ್‌ಪಿಯಲ್ಲಿ ಫೈಲ್ ಉಳಿಸಿದರೆ ಮುಗಿಯಿತು. ಮುಂದೆ ತೆರೆದವರಿಗೆ ಹೊಸದೇ ಸಿಗುತ್ತದೆ.
ಸಂಜೆ ಹಡಗಿನಿಂದ ಸಂದೇಶ. ಅವಳ ಗುತ್ತಿಗೆ ಮುಗಿಯುತ್ತ ಬಂದಿದೆ. "ಇನ್ನೊಂದು ವರ್ಷಕ್ಕೆ ಸಹಿ ಕೇಳ್ತಿದ್ದಾರೆ. 21ರೊಳಗೆ ಹೇಳ್ಬೇಕು. ಹಾಕ್ಲಾ, ಬಂದ್ಬಿಡ್ಲಾ? ನೀನೇ ಹೇಳು."
"ನಿನ್ನಿಷ್ಟ" ಎಂದು ಬರೆದೆ. ದೊಡ್ಡ ಮನುಷ್ಯ.

ಮಾರ್ಚ್ 11
ಎಡವಟ್ಟು. ಪಿಎಚ್‌ಪಿ ಪುಟವನ್ನು ಇವತ್ತು ಬೆಳಿಗ್ಗೆ ವೇಳಾಪಟ್ಟಿಯ ಫೋಲ್ಡರಿನಲ್ಲೇ ಇಟ್ಟಿದ್ದೆ. ದೋಣಿ ಹತ್ತುವ ಜೆಟ್ಟಿಯ ಡಿಜಿಟಲ್ ಬೋರ್ಡು ಆ ಫೋಲ್ಡರಿನಲ್ಲಿ ಇರುವುದನ್ನೆಲ್ಲ ಸರದಿಯಂತೆ ತೋರಿಸುತ್ತದೆ. "ಮುಂದಿನ ದೋಣಿ 12.20." ಅದಾದ ಮೇಲೆ — "ಮಲಗಿದ್ದಾಳೆ."
ಟಿಕೆಟ್ ಕೌಂಟರಿನ ಅಕ್ಕ ಫೋನ್ ಮಾಡಿದರು. "ಯಾರಪ್ಪಾ ಅದು, ಹಾಡುಹಗಲೇ ಮಲಗಿರೋದು? ದೋಣಿ ಓಡಿಸೋಳು ಅಂದ್ಕೊಂಡು, ಎಬ್ಬಿಸ್ರೀ ಅಂತ ಜನ ನನ್ನ ಪ್ರಾಣ ತಿಂತಿದ್ದಾರೆ."
ಬೋರ್ಡಿನಲ್ಲಿ ಬಾರದಂತೆ ಮಾಡಿದೆ. ಪುಟ ಅಳಿಸಲು ಕೈ ಬರಲಿಲ್ಲ.
ಸಂಜೆ ನಾದಿನಿ ಬಂದಳು. ದಿನಾ ಅದೇ ಜೆಟ್ಟಿಯಿಂದ ಕೆಲಸಕ್ಕೆ ಹೋಗುವವಳು. "ಭಾವ, ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಪಾಳಿ ಟೈಮೆಲ್ಲ ನಮ್ಮಕ್ಕಂದೇ. ಫೋಟೋ ಹೊಡೆದು ಅವಳಿಗೇ ಕಳ್ಸಿದೀನಿ. ಪುಟದ ಅಡ್ರೆಸ್ಸೂ ಕಾಣ್ತಿತ್ತು ಅದ್ರಲ್ಲಿ."
"ಏನಂದ್ಲು?"
"ಏನೂ ಇಲ್ಲ. ಗಂಡ ಹೆಂಡ್ತಿ ಇಬ್ಬರ ಬಾಯಿಗೂ ಒಂದೇ ಬೀಗ."

ಮಾರ್ಚ್ 19
ವರದಿಗೆಂದು ಸರ್ವರಿನ ಲಾಗ್ ತೆಗೆದೆ. ಯಾವ ಪುಟವನ್ನು ಯಾವಾಗ ಎಲ್ಲಿಂದ ತೆರೆದರು ಎಂಬುದು ಅಲ್ಲಿ ಸಾಲುಸಾಲಾಗಿ ಬಿದ್ದಿರುತ್ತದೆ. ಪೈಥಾನ್, ನೋಡ್ ಪುಟಗಳನ್ನು ನನ್ನನ್ನು ಬಿಟ್ಟು ಯಾರೂ ತೆರೆದಿಲ್ಲ. ಪಿಎಚ್‌ಪಿ ಪುಟಕ್ಕೆ ಮಾತ್ರ ಒಬ್ಬರು ಬರುತ್ತಿದ್ದಾರೆ. ಉಪಗ್ರಹದ ಸಂಪರ್ಕದಿಂದ. 11ರಿಂದ ಈಚೆಗೆ, ದಿನವೂ. ಇಲ್ಲಿ ಮಧ್ಯಾಹ್ನ, ಹಡಗಿನಲ್ಲಿ ನಡುರಾತ್ರಿ.
ಮಲಗಿದ್ದಾಳೆ ಎಂದು ಪುಟ ಹೇಳುವ ಹೊತ್ತಿಗೇ, ನಿದ್ದೆಗೆಟ್ಟು, ಅದನ್ನೇ ತೆರೆದು ಓದುತ್ತಿದ್ದಾಳೆ...

ಮಾರ್ಚ್ 20
ವರದಿ ಕೊಟ್ಟೆ. ಶಿಫಾರಸು: ಪಿಎಚ್‌ಪಿ. ಕಾರಣ: ಈಗಿರುವ ಸರ್ವರಿಗೆ ಹೊಂದುತ್ತದೆ, ತಿದ್ದುವುದು ಸುಲಭ. ಸುಳ್ಳೇನಲ್ಲ.
ಮ್ಯಾನೇಜರ್ ಹಾಳೆ ತಿರುವಿದರು. "ಇಷ್ಟು ದಿನ ತೂಗಿ ನೋಡಿ, ಕೊನೆಗೆ ಹಳೇ ಪಿಎಚ್‌ಪಿನೇ ಗತಿನಾ?"
"ಹೌದು ಸಾರ್."

ಮಾರ್ಚ್ 21, ಮಧ್ಯಾಹ್ನ
ಊಟಕ್ಕೆ ಏಳಲಿಲ್ಲ. ಫೈಲ್ ತೆರೆದು "ಮಲಗಿದ್ದಾಳೆ" ಎಂಬುದನ್ನು ಅಳಿಸಿದೆ. ಆ ಜಾಗದಲ್ಲಿ: "ನಿದ್ದೆ ಬರ್ತಿಲ್ವಾ? ನನಗೂ ಅಷ್ಟೇ. ಸಹಿ ಹಾಕ್ಬೇಡ. ಬಂದ್ಬಿಡು."
ಉಳಿಸಿದೆ. ಯಾವುದನ್ನೂ ನಿಲ್ಲಿಸಿ ಶುರು ಮಾಡುವ ಗೋಜಿಲ್ಲ.
ಲಾಗ್ ನೋಡುತ್ತ ಕೂತಿದ್ದೇನೆ. ಜೆಟ್ಟಿಯ ಬೋರ್ಡು. ಮತ್ತೆ ಬೋರ್ಡು. ಯಾರೋ ಪ್ರಯಾಣಿಕರು. ಬೋರ್ಡು...
ಉಪಗ್ರಹ. ಅವಳೇ.
ಇನ್ನೊಂದು ಸಾಲು. ಮತ್ತೊಂದು. ರಿಫ್ರೆಶ್ ಮಾಡುತ್ತಿದ್ದಾಳೆ.
ಈಗ ಬರುತ್ತಿಲ್ಲ. ಓದಿ ಮುಗಿಸಿದಳೋ, ಸಂಪರ್ಕ ಹೋಯಿತೋ —
ಫೋನ್.