ಎಳೆಯಬೇಡ, ಅದೇ ಬಿಡುತ್ತದೆ

ಅಮ್ಮನ ಕಟಿಂಗ್ ಮೇಜಿನಿಂದ,
ಮಂಗಳವಾರ, ಹನ್ನೆರಡನೇ ತಾರೀಕು, ಬೆಳಗ್ಗೆ

ಪ್ರೀತಿಯ ಅಕ್ಕಾ,

ಮತ್ತು ಪೆನ್‌ಡ್ರೈವ್ ಪೀಡಿತರ ಪ್ರಥಮ ಮಹಾಸಭೆಗೆ ದಯಮಾಡಿಸಿರುವ ಸಮಸ್ತ ಗಣ್ಯರೇ! ನನ್ನೆದುರಿಗೆ ಎರಡು ಹೊಲಿಗೆ ಮೆಷಿನ್ನು, ತಲೆಯಿಲ್ಲದ ಒಂದು ಗೊಂಬೆ ಬಿಟ್ಟರೆ ಯಾರೂ ಇಲ್ಲ. ಇವರಾದರೂ ನಡುವೆ ಎದ್ದು ಹೋಗುವವರಲ್ಲ ಎಂಬ ಧೈರ್ಯದಿಂದ ಮುಂದುವರಿಯುತ್ತೇನೆ.

ಮೊದಲು ನಿನ್ನ ಮಂಡಿನೋವು ಹೇಗಿದೆ ಹೇಳು. ಪೆಡಲ್ ಬಿಟ್ಟು ಮೋಟಾರಿನ ಮೆಷಿನ್ ಹಾಕಿಸಿಕೋ ಎಂದರೆ ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಅಮ್ಮ ಚೆನ್ನಾಗಿದ್ದಾಳೆ. ಗಂಟಲಿನ ಗಾಯ ಒಣಗಿದೆ, ಮೆತ್ತಗಿನದನ್ನೆಲ್ಲ ನುಂಗುತ್ತಾಳೆ. ದನಿ ಮಾತ್ರ ಇನ್ನು ಬರುವುದಿಲ್ಲ ಎಂದು ಡಾಕ್ಟರು ಈ ಸಲ ಸುತ್ತಿಬಳಸದೆ ಹೇಳಿಬಿಟ್ಟರು. ಅವಳು ಅದನ್ನು ಬೇರೆ ಯಾರದೋ ಸುದ್ದಿ ಎಂಬಂತೆ ಕೇಳಿಸಿಕೊಂಡು, ಸ್ಲೇಟು ಹಿಡಿದು ಓಡಾಡುತ್ತಿದ್ದಾಳೆ. ಬಾಯಲ್ಲಿ ಬೈಯುತ್ತಿದ್ದಾಗ ಗಾಳಿಗೆ ಹೋಗುತ್ತಿತ್ತು. ಈಗ ಒರೆಸುವ ತನಕ ಬೈಗುಳ ಕಣ್ಣೆದುರಿಗೇ ಕೂತಿರುತ್ತದೆ. ಫೋನು ಅವಳಿಗೆ ಪ್ರಯೋಜನವಿಲ್ಲವೆಂದು ನೀನು ಕಾಗದ ಬರೆಯಲು ಶುರುಮಾಡಿದ್ದು ಒಳ್ಳೆಯದಾಯಿತು. ಪ್ರತಿಯೊಂದನ್ನೂ ಮೊದಲು ಅವಳೇ ಒಡೆದು ಓದುತ್ತಾಳೆ.

ನಿನ್ನ ಹೋದ ಕಾಗದವನ್ನೂ ಓದಿದಳು. ಆಪರೇಷನ್ನಿಗೆ ಮುಂಚೆ ಅಮ್ಮ ಹನ್ನೊಂದು ದಿನ ಕೂತು, ಮೂವತ್ತು ವರ್ಷದ ಕಟಿಂಗ್ ವಿದ್ಯೆಯನ್ನೆಲ್ಲ ನಿನ್ನ ಅಂಗಡಿಗಾಗಿ ಹೇಳಿ ರೆಕಾರ್ಡ್ ಮಾಡಿಸಿದ ನಲವತ್ತು ಫೈಲಿನಲ್ಲಿ ಒಂದೂ ಅಲ್ಲಿ ತೆರೆಯಲಿಲ್ಲವಂತೆ. ನಾನು ಕಳಿಸಿದ ಪೆನ್‌ಡ್ರೈವನ್ನು ಭಾವ ಕಂಪ್ಯೂಟರಿನಿಂದ ಸರಕ್ಕನೆ ಕಿತ್ತು ಹಾಳುಮಾಡಿದರೆಂದು ನೀನು ಒಂಬತ್ತು ದಿನದಿಂದ ಅವರೊಡನೆ ಮಾತು ಬಿಟ್ಟಿದ್ದೀಯ. ಅವರು ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆಗಂಟುಗಳ ನಡುವೆ ಒಬ್ಬರೇ ಕೂತು ಊಟ ಮಾಡುತ್ತಿದ್ದಾರೆ. ಗಾಬರಿಪಡಬೇಡ. ಮೂಲ ಫೈಲುಗಳೆಲ್ಲ ನನ್ನ ಕಂಪ್ಯೂಟರಿನಲ್ಲಿ ಭದ್ರವಾಗಿವೆ. ಭಾನುವಾರವೇ ಹೊಸ ಪೆನ್‌ಡ್ರೈವಿಗೆ ಎಲ್ಲವನ್ನೂ ಮತ್ತೆ ಹಾಕಿದೆ.

ಆದರೆ ನಿನ್ನೆ ಸಂಜೆ ಪ್ರೆಸ್ಸಿನಿಂದ ಬಂದು ಅದನ್ನು ಹೊರತೆಗೆಯೋಣವೆಂದರೆ ಬಿಡಬೇಕಲ್ಲ! ನನ್ನದು ನಿನಗೆ ಗೊತ್ತಿರುವ ಹಳೇ ಡಬ್ಬ. ಪ್ರೆಸ್ಸಿನವರು ಬಿಸಾಡುವ ಮುಂಚೆ ಮೆಕ್ಯಾನಿಕ್ ಅದಕ್ಕೆ ಬಿಟ್ಟಿ ಸಿಗುವ ಲಿನಕ್ಸ್ ವ್ಯವಸ್ಥೆ ಹಾಕಿ ನನಗೆ ದಾಟಿಸಿದ್ದ. ಎಜೆಕ್ಟ್ ಒತ್ತಿದರೆ, ಸಾಧನ ಬಳಕೆಯಲ್ಲಿದೆ ಎಂದಿತು. ಇದ್ದಬದ್ದ ಕಿಟಕಿಗಳನ್ನೆಲ್ಲ ಮುಚ್ಚಿದೆ. ಮತ್ತೆ ಅದೇ ರಾಗ. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಒಂದು ಮಾತ್ರ ಉಳಿದು, ಪೆನ್‌ಡ್ರೈವಿನ ಫೋಲ್ಡರಿನೊಳಗೇ ನಿಂತಿತ್ತು. ಒಳಗೆ ನಿಂತುಕೊಂಡೇ ಮನೆಗೆ ಹೊರಗಿನಿಂದ ಬೀಗ ಹಾಕಲು ಹೊರಟಂತಿತ್ತು ನನ್ನ ಕೆಲಸ. ಅದನ್ನೂ ಹೊರಗೆ ಕರೆತಂದೆ. ಆದರೂ ಜಪ್ಪಯ್ಯ ಎನ್ನಲಿಲ್ಲ. ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. "ಎಳೆದಾಡಬೇಡಿ ಸಾರ್, ಯಾರು ಹಿಡ್ಕೊಂಡಿದಾರೆ ಅಂತ ಅದನ್ನೇ ಕೇಳಿ" ಎಂದು ಎಲ್‌ಎಸ್‌ಓಎಫ್ ಎಂಬ ಒಂದು ಸಾಲು ಹೇಳಿಕೊಟ್ಟ. ಯಾವ ಪ್ರೋಗ್ರಾಮು ಯಾವ ಫೈಲನ್ನು ಹಿಡಿದು ಕೂತಿದೆ ಎಂದು ಅದು ಚಾಡಿ ಹೇಳುತ್ತದೆ. ಹೇಳಿತು: ಹಾಡು ಕೇಳಿಸುವ ಪ್ಲೇಯರು, ಫೈಲು, ಕಾಲರ್ ಭಾಗ ಎರಡು.

ನಾನು ಅದನ್ನು ತೆರೆದಿರಲೇ ಇಲ್ಲ. ಹುಡುಕಿದರೆ ಇದೇ ಕಂಪ್ಯೂಟರಿನಲ್ಲಿ ಇನ್ನೊಂದು ಪರದೆಯಂತೆ ಅಡಗಿರುವ ಎರಡನೇ ಡೆಸ್ಕ್‌ಟಾಪಿನಲ್ಲಿ, ನಾನೆಂದೂ ಕಾಲಿಡದ ಕಡೆ, ನಡುವೆ ನಿಲ್ಲಿಸಿದ ಸ್ಥಿತಿಯಲ್ಲಿ ಸಿಕ್ಕಿತು. ಎಲ್ಲಿ ನಿಂತಿದೆಯೋ ನೋಡೋಣವೆಂದು ಒತ್ತಿದೆ. ಅಮ್ಮನ ದನಿ, ಆ ಹಳೇ ಗದರುವ ದನಿ: "ಬಟ್ಟೆ ಎಳೀಬೇಡ ಕಣೇ. ಮೆಷಿನ್ನು ತಾನೇ ಮುಂದಕ್ಕೆ ಬಿಡುತ್ತೆ. ನೀನು ಎಳೆದು ಸೂಜಿ ಮುರ್ಕೊಂಡು, ಆಮೇಲೆ ಪಕ್ಕದವರಿಗೆ ಬೈತೀಯ."

ತಿರುಗಿದರೆ ಬಾಗಿಲಲ್ಲಿ ಅಮ್ಮ. ನಾನಿಲ್ಲದ ಹೊತ್ತಿನಲ್ಲಿ ತನ್ನ ದನಿಯನ್ನು ತಾನೇ ಕೇಳುತ್ತ ಕೂತಿದ್ದವಳು ಇವಳೇ ಎಂದು ಆಗ ಹೊಳೆಯಿತು. ನಾನು ಎದ್ದು ಕುರ್ಚಿಯನ್ನು ಅವಳ ಕಡೆ ತಳ್ಳಿದರೆ ಸ್ಲೇಟು ಮುಂದೆ ಹಿಡಿದಳು: "ಕಾಲರ್ ಪಟ್ಟಿ ಅರ್ಧ ಇಂಚು ಕಮ್ಮಿ ಹೇಳಿದೀನಿ. ಅವಳಿಗೆ ತಿಳಿಸು." ತಿಳಿಸಿದ್ದೇನೆ. ಗುರುತು ಹಾಕಿಕೋ.

ಪ್ಲೇಯರು ಮುಚ್ಚಿದೆ, ಬರೆಯುವುದು ಬಾಕಿಯಿದ್ದರೆ ಮುಗಿಸಲಿ ಎಂದು ಸಿಂಕ್ ಎಂದು ಟೈಪ್ ಮಾಡಿದೆ, ಮತ್ತೆ ಎಜೆಕ್ಟ್ ಒತ್ತಿ ಕೈಕಟ್ಟಿ ಕೂತೆ. ಈಗ ತೆಗೆಯಬಹುದು ಎಂದು ಅದೇ ಹೇಳಿತು. ನಿನ್ನ ಅಂಗಡಿಯ ಗೋಡೆಗೆ ಅಂಟಿಸಲು, ಪೆನ್‌ಡ್ರೈವಿನ ಪುಟ್ಟ ದೀಪದ ಮೇಲೆ ಒಂದು ಸಾಲು ಕಟ್ಟಿದ್ದೇನೆ: ಮಿಣುಕುವಾಗ ಮುಟ್ಟದಿರು, ಆರುವ ತನಕ ಕಾದಿರು. ನಗಬೇಡ.

ಪೆನ್‌ಡ್ರೈವ್ ಈ ಕಾಗದದ ಜೊತೆಗೇ ಇದೆ. ಅಮ್ಮ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾಳೆಂದು ತಿಳಿದುಕೋ. ಭಾವನವರಿಗೆ ನನ್ನ ನಮಸ್ಕಾರ ಹೇಳು. ಬಾಯಿ ಬಿಟ್ಟೇ ಹೇಳು.

ನಿನ್ನ ತಮ್ಮ,
ನೀನೇ ಹೆಸರಿಟ್ಟ ಪ್ರಾಸಪ್ಪ

ಮರೆತದ್ದು: ಮರೆತದ್ದಲ್ಲ. ಅಮ್ಮ ಲಕೋಟೆ ಅಂಟಿಸಲು ಬಿಡುತ್ತಿಲ್ಲ. ಸ್ಲೇಟಿನಲ್ಲಿ "ಅಳಿಯಂದಿರ ವಿಷಯ ಬರೆದೆಯಾ?" ಎಂದಿದೆ, ಒರೆಸಲೂ ಬಿಡುತ್ತಿಲ್ಲ. ಮೊದಲನೇ ಪೆನ್‌ಡ್ರೈವನ್ನು ಕಳಿಸಿದ ದಿನ ಕೊರಿಯರಿನವನು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದ. ಪರದೆಯ ಮೇಲೆ, ಇನ್ನೂ ಬರೆಯುತ್ತಿದೆ, ತೆಗೆಯಬೇಡಿ ಎಂದಿತ್ತು. ಪ್ರೂಫ್ ನೋಡಿ ಹೊಟ್ಟೆ ಹೊರೆಯುವವನು, ಓದದೆ ಇರುತ್ತೇನೆಯೇ? ಓದಿದೆ, ಓದಿಯೂ ಕಿತ್ತೆ. ಅಮ್ಮ ಇದೇ ಮೇಜಿನ ಬಳಿ ನಿಂತು ನೋಡಿದಳು. ನಿನ್ನ ಕಾಗದ ಬಂದ ಮೇಲೂ ನಾನು ಸುಮ್ಮನಿದ್ದೆ. ಅದು ನಿನ್ನ ಮನೆ ತಲುಪುವ ಮುಂಚೆಯೇ ಹಾಳಾಗಿತ್ತು ಅಕ್ಕಾ. ಭಾವನವರನ್ನು ಒಳಗೆ ಊಟಕ್ಕೆ ಕರೆ.